ಪಾಕೀಟಿನ ಹಿಂಬದಿಯ ಸಾಲು

ಅವರ ಬಲಗೈ ಹೆಬ್ಬೆರಳಿನ ಉಗುರು ವರ್ಷವಿಡೀ ಕೆಂಪಗಿರುತ್ತಿತ್ತು. ಬ್ಯಾಡಗಿಯ ಅವರ ಗೊಬ್ಬರದಂಗಡಿಗೆ ಯಾರೇ ಮೆಣಸಿನಕಾಯಿ ತಂದು ತೋರಿಸಲಿ, ಎಲ್ಲರೂ ಕಾಕಾ ಎನ್ನುತ್ತಿದ್ದ ಅವರು ಅದನ್ನು ಮುರಿದು, ಉಗುರಿನಿಂದ ಗೀರಿ, ಬಣ್ಣ ನೋಡಿಯೇ ಮಾತಾಡುತ್ತಿದ್ದರು. ಅವರು ಹೇಳಿದ ಮೇಲೆ ರೈತರು ಮತ್ತೊಬ್ಬರನ್ನು ಕೇಳುತ್ತಿರಲಿಲ್ಲ.

ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ, ರಾಣೆಬೆನ್ನೂರಿನ ಬಾಡಿಗೆ ಕೋಣೆಯೊಂದರಲ್ಲಿ ನಾನು ಟ್ರೈಕೊಡರ್ಮಾ ಬೆಳೆಸುತ್ತಿದ್ದೆ. ಅದು ಹಸಿರು ಬೂಷ್ಟು. ಮೆಣಸಿನ ಗಿಡದ ಬೇರು ಕೊಳೆಸುವ ಬೇರೆ ಬೂಷ್ಟನ್ನು ತಿಂದು ಗಿಡ ಉಳಿಸುತ್ತದೆ. ಪ್ರಯೋಗಾಲಯದಲ್ಲಿ ಗೆದ್ದದ್ದನ್ನು ಪುಡಿ ಮಾಡಿ ಪಾಕೀಟಿನಲ್ಲಿ ಮಾರಬೇಕಿತ್ತು. ನಾಲ್ಕು ಅಂಗಡಿಯವರು ಬಾಗಿಲಲ್ಲೇ ತಿರುಗಿಸಿ ಕಳಿಸಿದರು. ಅಂಗಡಿಯಲ್ಲಿ ಪಾಕೀಟಿಗೆ ಜಾಗ ಕೊಟ್ಟವರು ಕಾಕಾ ಒಬ್ಬರೇ.

"ಜೀವ ಐತಿ ಅಂತೀಯಲ್ಲವಾ ಇದರಾಗ? ಎದ್ದು ಓಡಿಗೀಡಿ ಹೋದರ ನಾ ಜವಾಬ್ದಾರ ಅಲ್ಲ ನೋಡ," ಎಂದು ನಕ್ಕರು. ನಾನೂ ನಕ್ಕೆ.

ಮಳೆಗಾಲದ ನಡುವೆ ಅಗಡಿ ಗ್ರಾಮದ ರೈತರೊಬ್ಬರು ಒಣಗಿದ ಗಿಡ ಹಿಡಿದು ನನ್ನ ಕೋಣೆಗೆ ಬಂದರು. ಪುಡಿಯನ್ನು ಹೇಗೆ ಹಾಕಿದಿರಿ ಎಂದು ಕೇಳಿದೆ.

"ಕಾಕಾ ಹೇಳಿದಂಗ್ರಿ. ಬೂಷ್ಟಿನ ಔಷಧಿ ಜೋಡಿ ಒಂದ ಬಕೀಟಿನಾಗ ಕಲಸಿ."

ಬೂಷ್ಟು ಕೊಲ್ಲುವ ಔಷಧಿ ನನ್ನ ಬೂಷ್ಟನ್ನೂ ಕೊಂದಿತ್ತು. ಹಾಗೆ ಕಲಸಬಾರದೆಂದು ಕಾಕಾಗೆ ಎರಡು ಸಲ ಹೇಳಿದ್ದೆ. ಎರಡೂ ಮಾರಾಟವಾಗಲಿ ಎಂಬುದು ಅವರ ಲೆಕ್ಕ.

ಅಂಗಡಿಗೆ ಹೋಗಿ ಕೇಳಿದೆ. ಹತ್ತಾರು ರೈತರ ಮುಂದೆ ಅವರು ನನ್ನ ಪಾಕೀಟನ್ನು ಆ ಕೆಂಪು ಉಗುರಿನಿಂದಲೇ ಸೀಳಿ, "ಕಾಲೇಜ ಹುಡುಗಿ ಹಿಟ್ಟು ಬೀಸಿ ಕೊಟ್ಟಾಳ. ಔಷಧಿದೇನು ತಪ್ಪೈತಿ?" ಎಂದರು. ಮರುವಾರ ಒಂದೂ ಪಾಕೀಟು ಹೋಗಲಿಲ್ಲ. ಆ ಮಾತೇ ನಿಜವೆಂದು ಉಳಿದರೆ ನನ್ನ ಕೋಣೆಗೆ ಬೀಗ.

ಸಂತೆಯ ದಿನ, ಅನ್ನ ತುಂಬಿದ ಎರಡು ಗಾಜಿನ ಬಾಟಲಿಗಳನ್ನು ಅವರ ಮುಂದಿಟ್ಟೆ. ಒಂದಕ್ಕೆ ನನ್ನ ಪುಡಿ ಮಾತ್ರ ಹಾಕಿದೆ. "ಇನ್ನೊಂದ್ರಾಗ ನೀವ ಕಲಸ್ರಿ ಕಾಕಾ, ನೀವು ಹೇಳೋ ಹಂಗ." ಎಲ್ಲರೂ ನೋಡುತ್ತಿದ್ದರು; ಕಾಕಾ ಪುಡಿ, ಔಷಧಿ ಎರಡನ್ನೂ ಕಲಸಿದರು. ಮುಂದಿನ ಸಂತೆಗೆ ನನ್ನ ಬಾಟಲಿ ಪೂರ್ತಿ ಹಸಿರಾಗಿತ್ತು. ಅವರದು ಬೆಳ್ಳಗೆ, ಇಟ್ಟಂತೆಯೇ ಇತ್ತು. ಎರಡನ್ನೂ ಅಕ್ಕಪಕ್ಕ ಇಟ್ಟೆ. ಅಗಡಿಯ ಆ ರೈತರೇ, "ಕಾಕಾ, ನಿಮ್ಮ ಅನ್ನ ಕೆಟ್ಟಿಲ್ರಿ, ಊಟ ಮಾಡ್ರಿ," ಎಂದರು. ಅಂಗಡಿ ತುಂಬ ನಗು. ಬಸ್ಸಿನಲ್ಲಿ ರಾಣೆಬೆನ್ನೂರಿನವರೆಗೂ ಆ ನಗು ನನ್ನ ಕಿವಿಯಲ್ಲಿತ್ತು; ಹಿತವಾಗಿತ್ತು.

ಅಷ್ಟಕ್ಕೆ ನನಗೆ ಸಾಲಲಿಲ್ಲ. ಹೊಸ ಪಾಕೀಟುಗಳ ಹಿಂಬದಿಗೆ ಒಂದು ಸಾಲು ಅಚ್ಚು ಹಾಕಿಸಿದೆ: "ಯಾವ ಅಂಗಡಿಯವರು ಹೇಳಿದರೂ ಬೇರೆ ಔಷಧಿಯೊಡನೆ ಕಲಸಬೇಡಿ." ಮಾರಲು ಅವರ ಎದುರಿನ ಅಂಗಡಿಗೇ ಕೊಟ್ಟೆ. ಅದು ಯಾರ ಬಗ್ಗೆ ಎಂದು ಬ್ಯಾಡಗಿಯಲ್ಲಿ ಯಾರೂ ಕೇಳಬೇಕಾಗಲಿಲ್ಲ.

ಎರಡು ವರ್ಷ ಬಿಟ್ಟು ಕಾಕಾ ತಾವೇ ನನ್ನ ಕೋಣೆಗೆ ಬಂದರು. ನಿಂತೇ ಇದ್ದರು, ಕುಂದ್ರಿ ಎಂದು ನಾನೂ ಅನ್ನಲಿಲ್ಲ.

"ಕಲಸಬ್ಯಾಡ್ರಿ ಅನ್ನೂದು ಇರಲಿ ತಂಗಿ, ಅದು ಖರೇ ಐತಿ. ಅಂಗಡಿಯವರು ಅನ್ನೂದಷ್ಟು ತೆಗಿ. ನನ್ನ ಮಾತು ಯಾರೂ ಕೇಳವಲ್ರು."

"ನೋಡ್ತೇನ್ರಿ," ಎಂದೆ.

ನೋಡಲಿಲ್ಲ. ಹೋದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ. ಹೆಬ್ಬೆರಳಿನ ಉಗುರು ಬೆಳ್ಳಗಿತ್ತು. ಮೊದಲ ಜಾಗ ಕೊಟ್ಟವರು ಅವರೇ. ಅದನ್ನು ನಾನು ಮರೆತಿಲ್ಲ.

ಮರುದಿನ ಅಚ್ಚಿನ ಮನೆಯವರು, ಹೊಸ ಪಾಕೀಟಿನಲ್ಲಿ ಏನಾದರೂ ಬದಲಿಸುವುದಿದೆಯೇ ಎಂದು ಕೇಳಿದರು. ಇಲ್ಲ ಎಂದೆ.