ಕಾಂತಪ್ಪನ ಕೈಗುಣ, ಕಿಟ್ಟಣ್ಣನ ಕೋಪ

ನನ್ನ ಭಾವ ಸದಾನಂದ ರಾಯರಿಗೆ ಎರಡು ವಿಷಯಗಳಲ್ಲಿ ಅಪಾರ ನಂಬಿಕೆ. ಒಂದು, ಮನುಷ್ಯನ ಗುಣವೆಲ್ಲ ರಕ್ತದಲ್ಲೇ ಬರುತ್ತದೆ. ಇನ್ನೊಂದು, ತಮ್ಮ ಕೈಯಿಂದ ನಾಲ್ಕು ಹರಳು ಉಪ್ಪು ಬೀಳದೆ ಯಾವ ಅಡುಗೆಯೂ ಪೂರ್ತಿಯಾಗುವುದಿಲ್ಲ. ಈ ಎರಡರ ನಡುವೆ ಸಿಕ್ಕಿ ಮದರಾಸಿನ ಟ್ರಿಪ್ಲಿಕೇನಿನ ನಮ್ಮ ಹೋಟೆಲು ಮುಳುಗುವುದರಲ್ಲಿತ್ತು. ಗಲ್ಲಾದಲ್ಲಿ ಕೂತು ಇದನ್ನೆಲ್ಲ ನೋಡುವ ಕರ್ಮ ನನ್ನದು. ಹೋಟೆಲಿಗೆ ಬಂಡವಾಳವಾಗಿ ಹೋದದ್ದು ನನ್ನ ಅಕ್ಕ ಸರಸಳ ಚಿನ್ನದ ಬಳೆಗಳು. ಆದ್ದರಿಂದ ಹೊಟ್ಟೆ ಉರಿದುಕೊಂಡೇ ಹೇಳುತ್ತೇನೆ, ಸಹಿಸಿಕೊಳ್ಳಿ.

ಹೋಟೆಲು ನಿಂತದ್ದು ಕಾಂತಪ್ಪನ ಸಾಂಬಾರಿನ ಮೇಲೆ. ಅವನು ಬ್ರಹ್ಮಾವರದ ಕಡೆಯವನು, ಅವಳಿಗಳಲ್ಲಿ ಒಬ್ಬ. ಹೆತ್ತವಳಿಗೆ ಇಬ್ಬರಿಗೆ ಸಾಲುವಷ್ಟು ಹಾಲಿರಲಿಲ್ಲ. ಬಾಣಂತನಕ್ಕೆಂದು ಮದರಾಸಿನಿಂದ ಬಂದ ಚಿಕ್ಕಮ್ಮ ತುಂಗಾಳಿಗೆ ಮಕ್ಕಳಿರಲಿಲ್ಲ. ಹೊರಡುವ ಹೊತ್ತಿಗೆ ತೊಟ್ಟಿಲಲ್ಲಿ ಅಳದೆ ಮಲಗಿದ್ದ ಕೂಸನ್ನು ಅವಳು ಎತ್ತಿಕೊಂಡಳು. ಪ್ರಯಾಣದಲ್ಲಿ ಕಿರಿಕಿರಿ ಇಲ್ಲ ಎಂಬುದಷ್ಟೇ ಅವಳ ಲೆಕ್ಕ. ಅಳದವನು ಕಿಟ್ಟಣ್ಣ. ತಾಂಬರಂನಲ್ಲಿ ಬೆಳೆದ, ಇಂಗ್ಲಿಷ್ ಕಲಿತ, ಕಂಪನಿ ಗುಮಾಸ್ತನಾದ. ಅತ್ತವನು ಕಾಂತಪ್ಪ. ಮೀಸೆ ಮೂಡುವ ಮೊದಲೇ ಮದರಾಸಿಗೆ ಬಂದು ತಟ್ಟೆ ತೊಳೆದ, ಮಸಾಲೆ ಅರೆದ, ಬೈಗುಳ ತಿಂದ, ಕೊನೆಗೆ ಒಲೆಯ ಮುಂದೆ ನಿಂತ. ಗಂಡಸಿನ ಹಣೆಬರಹ ಬ್ರಹ್ಮ ಬರೆಯುತ್ತಾನಂತೆ. ಇವರದ್ದನ್ನು ಬರೆದದ್ದು ಆ ಹೊತ್ತಿನ ನಿದ್ದೆ.

ನಲವತ್ತು ದಾಟಿದರೂ ಇಬ್ಬರಿಗೂ ಒಂದೇ ಮುಖ, ಒಂದೇ ಬೊಕ್ಕತಲೆ. ರಜೆ ಸಿಕ್ಕಾಗ ಕಾಂತಪ್ಪ ತಾಂಬರಂಗೆ ಹೋಗುತ್ತಿದ್ದ. ಅಣ್ಣತಮ್ಮಂದಿರು ಜಗಲಿಯಲ್ಲಿ ಕೂತು ಮಾತಿಲ್ಲದೆ ವೀಳ್ಯ ಮೆಲ್ಲುತ್ತಿದ್ದರು. ಅದೇ ಅವರ ಪ್ರೀತಿ.

ಅರವತ್ತೊಂದನೇ ಇಸವಿಯಲ್ಲಿ ನಮ್ಮ ಎದುರಿಗೇ ಗೋಡೆಗೆಲ್ಲ ಕನ್ನಡಿ ಹಾಕಿದ ಹೊಸ ಹೋಟೆಲು ತೆರೆಯಿತು. ಭಾವನ ನಿದ್ದೆ ಹಾರಿತು. ನಿದ್ದೆಗೆಟ್ಟವರು ಸುಮ್ಮನಿರಬೇಕಲ್ಲ, ಅಡುಗೆಮನೆಗೆ ನುಗ್ಗಿ ಕಾಂತಪ್ಪನ ಕೊಪ್ಪರಿಗೆಗೆ ಒಂದು ಹಿಡಿ ಉಪ್ಪು ಎಸೆದರು. ಕಾಂತಪ್ಪ ಹೆಗಲ ಮೇಲಿನ ಬೆವರೊರೆಸುವ ಬೈರಾಸನ್ನು ತೆಗೆದು ನಾಲ್ಕು ಮಡಿಕೆ ಮಾಡಿದ, ರುಬ್ಬುಕಲ್ಲಿನ ಮೇಲಿಟ್ಟ, ಕುದಿಯುವ ಸಾಂಬಾರನ್ನು ಹಾಗೇ ಬಿಟ್ಟು ಹೊರಟುಹೋದ.

"ಎಲ್ಲಿಗೆ ಹೋಗ್ತಾನೆ ಮಾರಾಯ? ಸಂಜೆಗೆ ಬರ್ತಾನೆ," ಎಂದರು ಭಾವ.

ಸಂಜೆಗೂ ಬರಲಿಲ್ಲ, ಮರುವಾರಕ್ಕೂ ಬರಲಿಲ್ಲ. ತಾಂಬರಂನಲ್ಲಿ ಚಿಕ್ಕಮ್ಮನ ಮನೆ ಸೇರಿದ್ದ.

"ಭಾವ, ಹೋಗಿ ತಪ್ಪಾಯ್ತು ಅಂತ ಒಂದು ಮಾತು ಹೇಳಿ ಬನ್ನಿ," ಎಂದೆ.

"ನಾನಾ? ಉಪ್ಪು ನನ್ನದು, ಕೊಪ್ಪರಿಗೆ ನನ್ನದು. ತಪ್ಪು ಹೇಗೆ ನನ್ನದಾಗ್ತದೆ?"

ಈ ಉರಿಗೆ ತುಪ್ಪ ಸುರಿದವರು ಪ್ರೊಫೆಸರ್ ವಿಷ್ಣುತೀರ್ಥಾಚಾರ್. ಮೈಲಾಪುರದ ಹಳೇ ಮಾಧ್ವರ ಮನೆತನ, ಕಾಲೇಜಿನಲ್ಲಿ ಜೀವಶಾಸ್ತ್ರದ ಪಾಠ, ನಮ್ಮಲ್ಲಿ ದಿನಾ ಸಾಂಬಾರು ವಡೆ. ಒಂದು ವಡೆ ತಿಂದು ಒಂದು ಗಂಟೆ ಕೂರುವ ಪೈಕಿ.

"ಅವರು ಐಡೆಂಟಿಕಲ್ ಟ್ವಿನ್ಸ್ ಸ್ವಾಮಿ. ಒಂದೇ ಅಂಡ ಎರಡಾಗಿ ಒಡೆದದ್ದು. ಇವನಲ್ಲಿ ಇರೋ ಜೀನ್ಸ್ ಎಲ್ಲಾ ಅವನಲ್ಲೂ ಇರೋದು. ಅಣ್ಣ ಹೋದ್ರೆ ಏನು, ತಂಬಿ ಇದ್ದಾನಲ್ಲ."

ಭಾವನ ಮುಖ ಅರಳಿತು. "ಹುಟ್ಟುಗುಣ ಸುಟ್ಟರೂ ಹೋಗದು ಅಂತ ನಾನು ಹೇಳುದೂ ಅದೇ. ನೋಡು, ಸಯನ್ಸ್‌ನವರಿಗೆ ಈಗ ಗೊತ್ತಾಗಿದೆ."

ಕಿಟ್ಟಣ್ಣನಿಗೆ ಆಗ ಕೆಲಸವಿರಲಿಲ್ಲ. ಆಫೀಸಿನಲ್ಲಿ ಅವನು ಬರೆದ ಒಕ್ಕಣೆಯಲ್ಲಿ ಹೆಡ್‌ಕ್ಲಾರ್ಕು ಒಂದೇ ಒಂದು ಪದ ತಿದ್ದಿದನಂತೆ. ಇವನು ಪೆನ್ನಿಗೆ ಮುಚ್ಚಳ ಹಾಕಿ, ಕೊಡೆ ತೆಗೆದುಕೊಂಡು ಮನೆಗೆ ಬಂದನಂತೆ. ಈ ಸುದ್ದಿ ಭಾವನಿಗೂ ಗೊತ್ತು, ಪ್ರೊಫೆಸರಿಗೂ ಗೊತ್ತು. ಆದರೂ ಅವರಿಬ್ಬರು ಅದರಲ್ಲಿ ಕಂಡದ್ದು, ಆಳು ಖಾಲಿ ಇದ್ದಾನೆ ಎಂಬುದನ್ನು ಮಾತ್ರ.

ಕರೆಯಲು ಹೋದವನು ನಾನೇ.

"ನನಗೆ ಅಡುಗೆ ಸುತ್ತಮಾ, ಒಂದು ಚೂರೂ ಬರಲ್ಲ ಸಾರ್. ಕಾಫಿ ಕೂಡ ಚಿಕ್ಕಮ್ಮನೇ ಕೊಡೋದು," ಎಂದ ಕಿಟ್ಟಣ್ಣ.

"ಹೋಗಿ ಬಾ," ಎಂದ ಪಕ್ಕದಲ್ಲಿದ್ದ ಕಾಂತಪ್ಪ, ಅಡಿಕೆ ಕತ್ತರಿಸುತ್ತಾ. "ಒಲೆಯ ಬುಡದಲ್ಲಿ ಸೆಕೆ ಹೇಗಿರ್ತದೆ, ನಿನಗೂ ಗೊತ್ತಾಗಲಿ."

ಭಾವ ಅಡುಗೆಮನೆಯ ಬಾಗಿಲನ್ನು ತೆರೆದೇ ಇಡಿಸಿದರು. ಗಿರಾಕಿಗಳಿಗೆ ಬೊಕ್ಕತಲೆ ಕಾಣಬೇಕಲ್ಲ. ಕಿಟ್ಟಣ್ಣನ ಸಾಂಬಾರಿನಲ್ಲಿ ಬೇಳೆ ತಳದಲ್ಲಿ, ನೀರು ಮೇಲೆ, ಇಂಗು ಎಲ್ಲಿಯೋ. ಆದರೂ ಮೊದಲ ದಿನ ಜನ ತಲೆದೂಗಿ ತಿಂದರು. "ಕಾಂತಪ್ಪ ಬಂದ ಮೇಲೆ ನಾಲಿಗೆಗೆ ಜೀವ ಬಂತು," ಎಂದು ಒಬ್ಬರು ನನ್ನ ಹತ್ತಿರವೇ ಹೇಳಿದರು. ಮುಖ ನೋಡಿ ಮಣೆ ಹಾಕುತ್ತಾರೆ ಎಂದು ಕೇಳಿದ್ದೆ. ಮುಖ ನೋಡಿ ಸಾಂಬಾರು ಚಪ್ಪರಿಸುವುದನ್ನು ಅಂದು ಕಂಡೆ.

ನಾಲಿಗೆಗೆ ಮೋಸ ಮಾಡಬಹುದು, ಹೊಟ್ಟೆಗೆ ಎಷ್ಟು ದಿನ ಆಗುತ್ತದೆ? ಗಿರಾಕಿಗಳು ಒಬ್ಬೊಬ್ಬರಾಗಿ ಎದುರಿನ ಕನ್ನಡಿ ಹೋಟೆಲಿಗೆ ಜಾರಿದರು. ಮೊದಲು ರಸ್ತೆ ದಾಟಿದವರು ಪ್ರೊಫೆಸರೇ. "ಎಲ್ಲಾ ಎನ್‌ವಿರಾನ್‌ಮೆಂಟ್ ಸ್ವಾಮಿ. ಬೆಳೆದ ರೀತಿ. ನಾನು ಅವತ್ತೇ ಹೇಳಿದ್ದೆನಲ್ಲ," ಎಂದು ಹೇಳಿಯೇ ದಾಟಿದರು.

ಹೋಟೆಲು ಮುಚ್ಚುವ ದಿನ ಕಣ್ಣೆದುರಿಗೆ ಬಂತು. ಭಾವನಿಗೆ ಗೊತ್ತಿದ್ದ ಔಷಧ ಒಂದೇ. ಅಡುಗೆಮನೆಗೆ ಹೋಗಿ ಕಿಟ್ಟಣ್ಣನ ಕೊಪ್ಪರಿಗೆಗೆ ಒಂದು ಹಿಡಿ ಉಪ್ಪು ಎಸೆದರು. ನ್ಯಾಯವಾಗಿ ಹೇಳಬೇಕೆಂದರೆ ಆ ಸಾಂಬಾರಿಗೆ ಉಪ್ಪು ಬೇಕೇ ಇತ್ತು.

ಕಿಟ್ಟಣ್ಣ ಹೆಗಲ ಮೇಲಿನ ಬೈರಾಸನ್ನು ತೆಗೆದು ನಾಲ್ಕು ಮಡಿಕೆ ಮಾಡಿದ, ರುಬ್ಬುಕಲ್ಲಿನ ಮೇಲಿಟ್ಟ, ಹೊರಟುಹೋದ. ಅಣ್ಣ ಹಾಗೆ ಮಾಡಿದ್ದನ್ನು ಅವನು ನೋಡಿದವನೇ ಅಲ್ಲ. ಕೈಗುಣ ಹಂಚದ ರಕ್ತ ಮೂಗಿನ ತುದಿಯ ಕೋಪವನ್ನು ಮಾತ್ರ ಇಬ್ಬರಿಗೂ ಸಮನಾಗಿ ಬಡಿಸಿತ್ತು.

ಆಗ ಹೋಟೆಲಿನ ಹಿಂದಿನ ಮನೆಯಿಂದ ಅಕ್ಕ ಹೊರಗೆ ಬಂದಳು. "ಮಾವನವರೂ ಹೀಗೇ ಉಪ್ಪು ಹಾಕಿ ಹಾಕಿ ಕುಂದಾಪುರದ ಹೋಟೆಲು ಮುಚ್ಚಿದ್ದು. ನಿಮಗೆ ಅದು ರಕ್ತದಲ್ಲಿ ಬಂತೋ, ನೋಡಿ ಕಲಿತದ್ದೋ, ನನಗೆ ಬೇಡ. ಬಳೆ ಹೋದದ್ದು ಹೋಯಿತು. ಹೋಟೆಲೂ ಹೋದರೆ ನಾನು ಎಲ್ಲಿಗೆ ಹೋಗಲಿ?"

ಅವಳ ಬರಿಗೈ ನೋಡಿ ನನಗೆ ಅಳು ಬಂತು. ಭಾವ ಚಪ್ಪಲಿ ಮೆಟ್ಟಿದರು. ಇಬ್ಬರೂ ಎಲೆಕ್ಟ್ರಿಕ್ ಟ್ರೈನು ಹತ್ತಿ ತಾಂಬರಂಗೆ ಹೋದೆವು. ದಾರಿಯುದ್ದಕ್ಕೂ ಅವರ ತುಟಿ ಅಲ್ಲಾಡುತ್ತಿತ್ತು. ಜನ್ಮದಲ್ಲಿ ಆಡದ ಮಾತು, ಬಾಯಿಪಾಠ ಆಗಬೇಕಲ್ಲ.

ಜಗಲಿಯ ಮೇಲೆ ಬೊಕ್ಕತಲೆ ಕಂಡಿತು. ಭಾವ ಕೈಮುಗಿದರು.

"ತಪ್ಪಾಯ್ತು ಮಾರಾಯ. ಒಲೆಯ ಮುಂದೆ ನಿಂತವನು ನೀನು. ಕೇಳದೆ ಉಪ್ಪು ಹಾಕಿದ್ದು ನನ್ನ ಸೊಕ್ಕು. ಮನಸ್ಸಿಗೆ ಹಚ್ಚಿಕೊಳ್ಳಬೇಡ ಕಾಂತಪ್ಪ."

ಅವನು ಪೂರ್ತಿ ಕೇಳಿಸಿಕೊಂಡ. ಆಮೇಲೆ ಮರ್ಯಾದೆಯಿಂದ ಎದ್ದು ನಿಂತ.

"ಪರವಾಗಿಲ್ಲ ಸಾರ್. ಇದು ನನಗೆ ಬರಬೇಕಾದ್ದು, ಬಂತು. ನಾನು ಕಿಟ್ಟಣ್ಣ. ಅವನದ್ದು ಬೇರೆ ಇದೆ, ಒಳಗೆ ಹೋಗಿ ಹೇಳಿ."

ರಕ್ತ ನೋಡಿ ಮನುಷ್ಯರನ್ನು ಅಳೆಯುವ ಭಾವ, ಬಾಯಿಪಾಠವನ್ನು ಮೊದಲಿನಿಂದ ಹೇಳಿಕೊಳ್ಳುತ್ತಾ ಒಳಗೆ ನಡೆದರು. ಕಾಂತಪ್ಪ ಚಿಕ್ಕಮ್ಮನ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ. ಎರಡನೇ ಸಲದ ತಪ್ಪಾಯ್ತು ಕೇಳಿದ ಮೇಲೂ ಅವನು ತಿರುಗಲಿಲ್ಲ. ಕುದಿಯುವ ಸಾಂಬಾರನ್ನು ಒಂದು ಸೌಟು ಬಟ್ಟಲಿಗೆ ಬಡಿಸಿ ಮುಂದಕ್ಕೆ ಚಾಚಿದ.

"ಉಪ್ಪು ಸರಿ ಉಂಟಾ ನೋಡಿ ರಾಯರೇ."

ಉಪ್ಪಿನ ಭರಣಿ ಭಾವನ ಮೊಣಕೈ ಹತ್ತಿರವೇ ಇತ್ತು, ಮುಚ್ಚಳ ತೆಗೆದದ್ದು. ಭಾವ ಒಂದು ಗುಟುಕು ಕುಡಿದರು. ಬಲಗೈ ತಾನಾಗಿ ಭರಣಿಯ ಕಡೆ ಹೊರಟಿತು. ಎಡಗೈ ಅದನ್ನು ಹಿಡಿಯಿತು. ಬಟ್ಟಲನ್ನು ತಳದವರೆಗೂ ಕುಡಿದು ಕೆಳಗಿಟ್ಟರು.

"ನೀನು ಹಾಕಿದ್ದೇ ಸರಿ," ಎಂದರು.

ಕಾಂತಪ್ಪ ಗೂಟದ ಮೇಲಿನ ಬೈರಾಸು ತೆಗೆದು ಹೆಗಲಿಗೆ ಹಾಕಿಕೊಂಡ. ಅವರಿಬ್ಬರೂ ಹೊರಗೆ ಹೋದ ಮೇಲೆ ನಾನು ಸೌಟಿನಲ್ಲಿ ಉಳಿದದ್ದನ್ನು ಅಂಗೈಗೆ ಬಿಟ್ಟುಕೊಂಡು ನೆಕ್ಕಿದೆ. ಆ ಸಾಂಬಾರಿಗೆ ಒಂದು ಹರಳು ಉಪ್ಪೂ ಬಿದ್ದಿರಲಿಲ್ಲ.