ಜೋಕಾಲಿಯ ಟೊಂಗೆಗೆ ದೋಣಿಯ ಮೋಟಾರು

ನಮ್ಮ ಅಂಗಳದ ಬೇವಿನ ಮರಕ್ಕೆ ಅಡ್ಡಡ್ಡವಾಗಿ ಚಾಚಿಕೊಂಡ ದಪ್ಪನೆಯ ಒಂದು ಟೊಂಗೆ ಇದೆ. ಅದು ನಾಗರ ಪಂಚಮಿಯ ಜೋಕಾಲಿ ಕಟ್ಟಲೆಂದೇ ಬೆಳೆದದ್ದು ಎಂದು ಓಣಿಯ ಹೆಂಗಸರೆಲ್ಲ ನಂಬಿದ್ದಾರೆ. ಆ ವರ್ಷ ಬೇಸಿಗೆಯಲ್ಲಿ ಆ ಟೊಂಗೆಗೆ ನಾನು ಒಂದು ದೋಣಿಯ ಮೋಟಾರು ನೇತುಹಾಕಿದೆ. ಬಂದವರು ಮೊದಲು ಅದನ್ನು ನೋಡುತ್ತಿದ್ದರು, ಆಮೇಲೆ ನನ್ನನ್ನು, ಕೊನೆಗೆ ನನ್ನ ಹೆಂಡತಿಯನ್ನು.

"ನನ್ನ ಕಡೆ ಯಾಕ ನೋಡ್ತೀರಿ? ನಾ ಏನ್ ಕಟ್ಟೀನೇನು?" ಎಂದು ಅವಳು ಚಹಾ ಇಡಲು ಒಳಗೆ ಹೋಗುತ್ತಿದ್ದಳು.

ನಾನು ಹೈಸ್ಕೂಲಿನ ಚಿತ್ರಕಲೆ ಮಾಸ್ತರ. ಮೆಕ್ಯಾನಿಕ್ ಕೆಲಸದಲ್ಲಿ ನನ್ನ ಸಾಧನೆ ಎಂದರೆ ಹಳೆಯ ಸ್ಕೂಟರೊಂದನ್ನು ಬಿಚ್ಚಿ ಮತ್ತೆ ಜೋಡಿಸಿದ್ದು. ಅದು ಈಗಲೂ ಓಡುತ್ತದೆ. ಹಾರ್ನ್ ಹೊಡೆದರೆ ಮಾತ್ರ ಬಂದ್ ಬೀಳುತ್ತದೆ, ಹಾಗಾಗಿ ನಾನು ಹಾರ್ನ್ ಹೊಡೆಯುವುದಿಲ್ಲ.

ಇಷ್ಟೆಲ್ಲ ಉಸಾಬರಿ ನನಗೆ ಏಕೆ ಬೇಕಿತ್ತು ಎಂದರೆ, ಕಾರಣ ನನ್ನ ಹೆಂಡತಿಯ ತವರು. ನಮ್ಮ ಮನೆ ಕೃಷ್ಣೆಯ ಈ ದಂಡೆಗೆ, ಕುಡಚಿಯ ಹತ್ತಿರ. ಅವಳ ತವರು ಆ ದಂಡೆಗೆ, ಉಗಾರ ಬುದ್ರುಕದ ಹೊಳೆಸಾಲಿನ ತೋಟದಲ್ಲಿ, ಒಂದು ದಿಬ್ಬದ ಮೇಲೆ. ನಮ್ಮ ಮಾಳಿಗೆ ಹತ್ತಿದರೆ ಅವರ ತೆಂಗಿನ ಮರ ಕಾಣುತ್ತದೆ. ಆದರೆ ಶ್ರಾವಣ ಬಂತೆಂದರೆ ಮೇಲೆ ಮಹಾರಾಷ್ಟ್ರದ ಮಳೆಗೆ ಹೊಳೆ ಏರಿ ಸೇತುವೆ ಮುಳುಗುತ್ತದೆ. ರೈಲು ಇದೆಯಲ್ಲ ಎನ್ನಬೇಡಿ. ರೈಲು ಎಂಥ ಹೊಳೆಗೂ ಹೆದರದೆ ದಾಟುತ್ತದೆ, ನಿಜ. ಆದರೆ ಸ್ಟೇಷನ್ನಿನಿಂದ ಅವರ ತೋಟಕ್ಕೆ ಹೋಗುವ ದಾರಿಯೂ ಆಗ ಹಳ್ಳದ ನೀರಿನಲ್ಲೇ ಇರುತ್ತದೆ.

ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗಲೇಬೇಕು. ಉಂಡಿ ತಿನ್ನಬೇಕು, ಜೋಕಾಲಿ ಆಡಬೇಕು, ಅತ್ತೆಮನೆಯ ಸುದ್ದಿಯನ್ನೆಲ್ಲ ಹೇಳಿ ಹಗುರಾಗಬೇಕು. ನನ್ನ ಹೆಂಡತಿ ಕೆಲವು ವರ್ಷಗಳಿಂದ ಹೋಗಿರಲಿಲ್ಲ. ಹಬ್ಬದ ಹಿಂದಿನ ದಿನ ಅವಳ ತಮ್ಮ ತಪ್ಪದೆ ಫೋನ್ ಮಾಡುತ್ತಿದ್ದ.

"ಅಕ್ಕಾ, ಹಬ್ಬಕ್ಕ ಕರದೀನಿ, ಆದ್ರ ಹೊಳಿ ಬಂದೈತಿ ನೋಡ. ಏನ್ ಮಾಡೂದು!"

ಅವಳು ಫೋನ್ ಇಟ್ಟು, "ಫೋನಿನ್ಯಾಗ ಕರದ್ರ ಕರದಂಗ ಆತೇನು?" ಎಂದು ಗೊಣಗಿ, ಹಿಟ್ಟು ಹುರಿಯುವ ಬಾಣಲೆಯನ್ನು ಒಲೆಯ ಮೇಲೆ ಸಪ್ಪಳ ಮಾಡಿ ಇಡುತ್ತಿದ್ದಳು. ಇದು ಹೊಳೆಯ ಮೇಲಿನ ಸಿಟ್ಟು ಎಂದು ನಾನು ತಿಳಿದಿದ್ದೆ. ಹಿಂದಿನ ವರ್ಷ ಪಂಚಮಿಯ ಸಂಜೆ ಅವಳು ಮಾಳಿಗೆಯ ಮೇಲೆ ಒಬ್ಬಳೇ ನಿಂತು ಆ ತೆಂಗಿನ ಮರ ನೋಡುವುದನ್ನು ಕಂಡೆ. ಬರುವ ಪಂಚಮಿಗೆ ಇವಳನ್ನು ತವರಿಗೆ ಮುಟ್ಟಿಸಿಯೇ ಬಿಡಬೇಕು ಎಂದು ಅಂದೇ ಗಟ್ಟಿ ಮಾಡಿಕೊಂಡೆ.

ನಮ್ಮೂರಿನ ಮೀನುಗಾರನ ಬಳಿ ಒಂದು ದೋಣಿ ಇತ್ತು. ಅದರ ಮೋಟಾರು ಹಿಂದಿನ ಒಂದು ಮಹಾಪೂರದಲ್ಲಿ ಮುಳುಗಿ, ಎದ್ದು, ಕೆಟ್ಟು, ಅವನ ಹಿತ್ತಲಲ್ಲಿ ಬಿದ್ದಿತ್ತು. ರಿಪೇರಿ ಮಾಡಿಕೊಡುತ್ತೇನೆ, ಹಬ್ಬಕ್ಕೆ ನಮ್ಮನ್ನು ದಾಟಿಸಿದರೆ ಸಾಕು ಎಂದೆ. ಅವನಿಗೆ ನಗು ತಡೆಯಲಾಗಲಿಲ್ಲ.

"ಒಯ್ರಿ ಮಾಸ್ತರ್ರ, ನಂದೇನ್ ಹೋತು? ಆದ್ರ ರಾತ್ರಿ ಕೋಳಿ ಅದರ ಮ್ಯಾಲ ಕೂಡ್ತಾವ. ಅವನ್ನೊಂದ್ ಮಾತ್ ಕೇಳ್ರಿ."

ಹಾಗೆ ಅದು ಬೇವಿನ ಮರಕ್ಕೆ ಬಂತು. ಮೇಲೆ ದೊಡ್ಡ ತಲೆ, ಕೆಳಗೆ ಉದ್ದನೆಯ ಒಂದೇ ಕಾಲು, ಕಾಲಿನ ತುದಿಗೆ ಪಂಖ. ಮೈಯೆಲ್ಲ ಕೋಳಿ ಹಿಕ್ಕೆ. ತಲೆ ಬಿಚ್ಚಿದರೆ ಒಳಗೆ ಕೃಷ್ಣೆಯ ಮಣ್ಣು, ಒಂದು ಜೋಳದ ಗಿಡ ಹಚ್ಚುವಷ್ಟು. ಪಿಸ್ಟನ್ ಹಿಡಿದುಕೊಂಡಿತ್ತು. ಸೀಮೆಎಣ್ಣೆ ಹೊಯ್ದು, ಕಾಯ್ದು, ಕಟ್ಟಿಗೆ ತುಂಡು ಇಟ್ಟು ಮೆಲ್ಲಗೆ ಬಡಿದು, ನಡುವೆ ಸ್ವಲ್ಪ ಬೈದು, ಅಂತೂ ಅದನ್ನು ಅಲುಗಾಡಿಸಿದೆ.

ಯಾವ ಬೋಲ್ಟು ಎಲ್ಲಿಯದು ಎಂದು ಮರೆಯಬಾರದಲ್ಲ? ಅಂಗಳದ ನೆಲದ ಮೇಲೆಯೇ ಸೀಮೆಸುಣ್ಣದಲ್ಲಿ ಮೋಟಾರಿನ ಚಿತ್ರ ಬರೆದು, ಬಿಚ್ಚಿದ ಭಾಗವನ್ನು ಅದರದರ ಜಾಗದಲ್ಲಿಟ್ಟೆ. ಚಿತ್ರ ಸೊಗಸಾಗಿ ಬಂತೆಂದು ನೆರಳು ಬೆಳಕನ್ನೂ ತುಂಬಿದೆ. ಮರುದಿನ ಎದ್ದು ನೋಡಿದರೆ ಚಿತ್ರವಿಲ್ಲ. ಬೋಲ್ಟುಗಳೆಲ್ಲ ಒಂದು ಬುಟ್ಟಿಯಲ್ಲಿ ಅಚ್ಚುಕಟ್ಟಾಗಿ ಗುಡ್ಡೆಯಾಗಿದ್ದವು. ಹೆಂಡತಿ ದಿನದಂತೆ ಕಸ ಹೊಡೆದು ಅಂಗಳಕ್ಕೆ ಸಗಣಿ ನೀರು ಹಾಕಿದ್ದಳು.

"ಅಂಗಳಾ ಅಂದಮ್ಯಾಲ ಸಾರಸ್ಬೇಕಲ್ರಿ. ನಿಮ್ಮ ಮೋಟರ್ ಸಲುವಾಗಿ ಲಕ್ಷ್ಮೀನ ಹೊರಗ ನಿಲ್ಲಸ್ಲೇನು?"

ಸಗಣಿಯಿಂದ ನನಗಾದ ಮೊದಲ ಪೆಟ್ಟು ಅದು. ಎರಡನೆಯದು ಅಪ್ಪನಿಂದ ಬಂತು.

ಅಪ್ಪ ಆಯುಷ್ಯವೆಲ್ಲ ಹೊಳೆದಂಡೆಯ ಪಂಪ್‌ಸೆಟ್ಟಿನ ಜೊತೆ ಕಳೆದವನು. ಲೋಕದಲ್ಲಿರುವ ಎಲ್ಲ ಯಂತ್ರಗಳೂ ಒಂದಲ್ಲ ಒಂದು ಬಗೆಯ ಪಂಪ್‌ಸೆಟ್ಟೇ ಎಂಬುದು ಅವನ ಅಭಿಪ್ರಾಯ. ಮೊಮ್ಮಕ್ಕಳ ಮೊಬೈಲಿನ ಬಗ್ಗೆಯೂ ಅವನಿಗೆ ಅದೇ ಅನುಮಾನ ಇದೆ. ಮೋಟಾರನ್ನು ಸುತ್ತುಹಾಕಿ ನೋಡಿ ತೀರ್ಪು ಕೊಟ್ಟ:

"ಪಂಪ್ ನೀರ ಮ್ಯಾಲ ಎತ್ತತೈತಿ, ಇದು ಹಿಂದಕ ದೂಡತೈತಿ. ಅಷ್ಟ ಲೇ. ನೀ ಸುಮ್ನ ದೊಡ್ಡದ ಮಾಡಾಕತ್ತಿ."

ಜೋಡಣೆ ಮುಗಿದ ಭಾನುವಾರ ಪರೀಕ್ಷೆ ಇಟ್ಟೆವು. ದನಕ್ಕೆ ನೀರು ಕುಡಿಸುವ ಸಿಮೆಂಟಿನ ಬಾನಿಯ ಅಂಚಿಗೆ ಹಲಗೆ ಬಿಗಿದು, ಮೋಟಾರನ್ನು ಕೂರಿಸಿ, ಪಂಖ ತೆಗೆದು, ಕಾಲನ್ನು ನೀರಿಗೆ ಇಳಿಬಿಟ್ಟೆ. ಕೆಲವು ಬೋಲ್ಟು ಉಳಿದಿದ್ದವು. ಅವು ಹೆಚ್ಚಿನವು ಇರಬೇಕು ಎಂದುಕೊಂಡು ಕಿಸೆಗೆ ಹಾಕಿಕೊಂಡೆ. ಹಗ್ಗ ಜಗ್ಗಿ ಜಗ್ಗಿ ರಟ್ಟೆ ಬಿದ್ದುಹೋಗುವ ಹೊತ್ತಿಗೆ ಅದು ಒಮ್ಮೆ ಕೆಮ್ಮಿ, ನೀಲಿ ಹೊಗೆ ಬಿಟ್ಟು, ಚಾಲೂ ಆಯಿತು. ನಮ್ಮ ಎಮ್ಮೆ ಗೂಟ ಕಿತ್ತುಕೊಂಡು ಕಬ್ಬಿನೊಳಗೆ ಹೋಯಿತು.

ಆದರೆ ನೀರು ಬರಲಿಲ್ಲ. ಇಂಥ ಮೋಟಾರಿಗೆ ರೇಡಿಯೇಟರ್ ಇರುವುದಿಲ್ಲ. ಅದು ಕಾಲಿನಿಂದ ಹೊಳೆಯ ನೀರನ್ನೇ ಎಳೆದುಕೊಂಡು, ಮೈ ತಂಪು ಮಾಡಿಕೊಂಡು, ಪಕ್ಕದ ಸಣ್ಣ ತೂತಿನಿಂದ ಉಗುಳಬೇಕು. ಉಗುಳದಿದ್ದರೆ ಕಾದು ಹಿಡಿದುಕೊಳ್ಳುತ್ತದೆ. ಬಂದ್ ಮಾಡಿ, ಮೊಬೈಲಿನಲ್ಲಿ ವಿಡಿಯೋ ನೋಡಿ ಬರುತ್ತೇನೆಂದು ಒಳಗೆ ಹೋದೆ. ನೀರೆಳೆಯುವ ರಬ್ಬರಿನ ಸಣ್ಣ ಚಕ್ರ ಸವೆದಿದೆ ಎಂದು ತಿಳಿಯುವಷ್ಟರಲ್ಲಿ ಹೊರಗೆ ಮತ್ತೆ ಸದ್ದು ಕೇಳಿಸಿತು.

ನಮ್ಮ ಕಡೆ ಪಂಪ್ ನೀರು ಹಿಡಿಯದಿದ್ದರೆ ಎಲ್ಲರೂ ಮಾಡುವ ಉಪಾಯ ಒಂದೇ. ಸಗಣಿ ಕಲಸಿ ಪೈಪಿಗೆ ಹೊಯ್ಯುವುದು. ಸಗಣಿಯ ನಾರು ಸಂದಿಯಲ್ಲೆಲ್ಲ ಕೂತು ಸೋರುವುದು ನಿಂತು ಪಂಪ್ ನೀರು ಹಿಡಿಯುತ್ತದೆ. ಅಪ್ಪ ಒಂದು ಬುಟ್ಟಿ ಸಗಣಿಯನ್ನು ಬಾನಿಗೆ ಸುರಿದು, ಮೊಣಕೈವರೆಗೆ ಕೈ ಹಾಕಿ ಕಲಸಿ, ಹಗ್ಗ ಜಗ್ಗಿದ್ದ. ನಾನು ಬಾಗಿಲು ದಾಟುವುದಕ್ಕೂ ಆ ತೂತಿನಿಂದ ಹಸಿರು ಧಾರೆ ಚಿಮ್ಮಿ ನನ್ನ ಬಿಳಿ ಅಂಗಿಗೆ ಹೊಡೆಯುವುದಕ್ಕೂ ಸರಿಹೋಯಿತು.

"ನೋಡಲೇ, ಹ್ಯಾಂಗ ಹಿಡೀತ ನೀರ!" ಎಂದು ಅಪ್ಪ ಕುಣಿದಾಡಿದ. ಸುಳ್ಳೇಕೆ ಹೇಳಲಿ, ನಾನೂ ಕುಣಿದೆ. ಸ್ವಲ್ಪ ಹೊತ್ತಿಗೆ ಧಾರೆ ನಿಂತಿತು. ಬಂದ್ ಮಾಡುವಷ್ಟರಲ್ಲಿ ಸಗಣಿಯ ಕುಳ್ಳು ಸುಟ್ಟ ವಾಸನೆ ಓಣಿಯ ತುದಿಯವರೆಗೆ ಹರಡಿತ್ತು.

ಮತ್ತೆ ಎಲ್ಲ ಬಿಚ್ಚಿ, ಒಂದೊಂದು ಸಂದಿಗೂ ತಂತಿ ಆಡಿಸಿದೆ. ಮಿರಜಿನಿಂದ ಹೊಸ ರಬ್ಬರ್ ಚಕ್ರ ತರಿಸಿ ಹಾಕಿದೆ. ಈ ಸಲ ತಿಳಿನೀರು ಬಂತು. ದಂಡೆಯ ಬಳಿ ದೋಣಿಗೆ ಕಟ್ಟಿ ಓಡಿಸಿದಾಗ ಮೀನುಗಾರ ಬೆರಗಾದ. ಅಪ್ಪ ಮಾತ್ರ ಆ ಗೆಲುವು ಸಗಣಿಯದೇ ಎಂದು ಇಂದಿಗೂ ವಾದಿಸುತ್ತಾನೆ.

ಪಂಚಮಿಯ ಹಿಂದಿನ ದಿನ ಸೇತುವೆ ಮುಳುಗಿತು. ಅಷ್ಟು ಖುಷಿಯಿಂದ ಆ ಸುದ್ದಿ ಕೇಳಿದವನು ಇಡೀ ತಾಲ್ಲೂಕಿನಲ್ಲಿ ನಾನೊಬ್ಬನೇ ಇರಬೇಕು. ಮಳೆ ನಿಂತಿತ್ತು, ನೀರು ಏರಿದ್ದರೂ ಸೆಳವು ಕಡಿಮೆಯಿತ್ತು. ಹೆಂಡತಿಯ ಚೀಲ ತಯಾರಾಗಿ ಕಟ್ಟೆಯ ಮೇಲಿತ್ತು. ನಾನು ಎದೆ ಉಬ್ಬಿಸಿ, "ಏಳ, ದೋಣಿ ತಯಾರೈತಿ," ಎಂದೆ.

ಅವಳು ಏಳಲಿಲ್ಲ.

"ಯಾರ್ ಬಂದಾರ?"

"ಯಾರ್ ಬರ್ಬೇಕ? ನಾ ಅದೀನಲ್ಲ?"

"ನೀವ್ ಗಂಡ ಅದೀರಿ. ಕರಿಯಾಕ ತವರಮನಿಯವ್ರು ಬರಬೇಕ್ರಿ. ಕರೀದ ಹೋದ್ರ ನಾ ಏನ್ ಅವ್ರ ಮನಿ ಬಿದ್ದಿದ್ದ ಉಂಡಿ ತಿನ್ನಾಕ ಹೋದಂಗ ಆಗೂದಿಲ್ಲೇನು?" ಎನ್ನುವಾಗ ಅವಳ ಕಣ್ಣು ತುಂಬಿದವು. "ಹೊಳಿಗೇನ್ ಅಂಜತೀನಿ ಅಂತ ತಿಳಿದಿದ್ರೇನು? ಒಬ್ರಾದ್ರೂ ಬಂದು ಬಾ ಅನ್ಲಿಲ್ಲಲ್ರಿ, ಇಷ್ಟ್ ವರ್ಷ."

ತಿಂಗಳುಗಟ್ಟಲೆ ಎಣ್ಣೆ ಬಳಿದುಕೊಂಡ ನನ್ನ ತಲೆ ಕೆಟ್ಟುಹೋಯಿತು. ಇದನ್ನು ಬೇಸಿಗೆಯಲ್ಲೇ ಹೇಳಬಾರದಿತ್ತೇ ಎಂದು ಕೂಗಬೇಕೆನ್ನಿಸಿತು. ಆದರೆ ಅವಳು ಪ್ರತಿ ವರ್ಷ ಬಾಣಲೆ ಬಡಿದು ಹೇಳಿದ್ದಳು, ಅರ್ಥ ಮಾಡಿಕೊಳ್ಳದವನು ನಾನು. ಕರೆಯುವವರನ್ನೇ ಕರೆತರಲು ದಂಡೆಗೆ ಹೋದೆ. ಮೀನುಗಾರನೂ ನಾನೂ ಇಬ್ಬರೇ ಹೊಳೆ ದಾಟಿದೆವು. ಮೋಟಾರು ಹಾಡುತ್ತ ಹೋಯಿತು.

ಆ ದಂಡೆಯಲ್ಲಿ ದಿಬ್ಬ ಹತ್ತಿ ಮನೆಯಂಗಳಕ್ಕೆ ಹೋದಾಗ ಅವಳ ತಮ್ಮ ನಮ್ಮನ್ನು ನೋಡಿ ಬಾಯಿ ತುಂಬ ನಕ್ಕ. ಅಕ್ಕನನ್ನು ಕರೆಯಲು ಬಾ, ದೋಣಿ ಹತ್ತು ಎಂದ ಕೂಡಲೇ ಅವನಿಗೆ ಜ್ವರ ಬಂತು. ಕಬ್ಬಿನ ಟ್ರ್ಯಾಕ್ಟರನ್ನು ಕೆಸರಿನಲ್ಲಿ ಕುಣಿಸುವ ಆಳು, ನೀರೆಂದರೆ ಬೆಕ್ಕಿನಷ್ಟೇ ದೂರ.

"ದಾಜೀ, ಬೆಳಗಿಂದ ಮೈ ಕಾವ ಐತಿ," ಎಂದು ಹಣೆ ಮುಟ್ಟಿಕೊಂಡ.

ಅಡಿಗೆಮನೆಯಿಂದ ನಮ್ಮತ್ತೆ ಹೊರಗೆ ಬಂದಳು. ಮಗನನ್ನು ಒಮ್ಮೆ ನೋಡಿದಳು, ಹೊಳೆಯನ್ನು ಒಮ್ಮೆ ನೋಡಿದಳು, ಸೆರಗು ಬಿಗಿದಳು.

"ನಾ ಬರ್ತೀನಿ ನಡೀರಿ. ತಮ್ಮನ ಬಂದ್ ಕರೀಬೇಕಂತ ಎಲ್ಲಿ ಬರದೈತಿ? ಹಡದಾಕಿ ನಾ ಅದೀನಲ್ಲ?"

ಟ್ರ್ಯಾಕ್ಟರಿನ ಟ್ಯೂಬಿಗೆ ಗಾಳಿ ತುಂಬಿ ಅವಳ ನಡುವಿಗೆ ತೊಡಿಸಿದೆವು. ಒಂದು ಕೈಯಲ್ಲಿ ಉಂಡಿಯ ಡಬ್ಬಿ, ಇನ್ನೊಂದರಲ್ಲಿ ಕುಂಕುಮದ ಭರಣಿ ಹಿಡಿದು, ಆ ಕರಿಯ ಟ್ಯೂಬಿನ ನಡುವೆ ಅವಳು ಗಂಭೀರವಾಗಿ ಕೂತಳು. ದಂಡೆಯ ಮೇಲಿನಿಂದ ಮಗ ದೋಣಿ ಹೇಗೆ ನಡೆಸಬೇಕೆಂದು ನಮಗೆ ಹೇಳಿಕೊಡುತ್ತಿದ್ದ.

ನಡುಹೊಳೆ ದಾಟಿದ ಮೇಲೆ ತೂತಿನ ಧಾರೆ ಸಣ್ಣದಾಯಿತು. ಆಮೇಲೆ ಹಸಿರಾಯಿತು. ಆಮೇಲೆ ನಿಂತಿತು. ಎಲ್ಲೋ ಒಂದು ಸಂದಿಯಲ್ಲಿ ಅಡಗಿದ್ದ ಅಪ್ಪನ ಸಗಣಿ ಸರಿಯಾದ ಮುಹೂರ್ತ ನೋಡಿ ಹೊರಟಿತ್ತು. ಮೋಟಾರು ಕಾದು ಬಂದ್ ಬಿತ್ತು. ಮೀನುಗಾರ ಬೇಸರವಿಲ್ಲದೆ ಹುಟ್ಟು ತೆಗೆದ. ಸೆಳವು ನಮ್ಮನ್ನು ಕೆಳಗೆ ಒಯ್ದರೂ ನಮ್ಮ ದಂಡೆಗೇ ಹಚ್ಚಿತು. ಇಳಿದ ಮೇಲೆ ಅತ್ತೆ ಒಂದೇ ಮಾತು ಕೇಳಿದಳು: "ಅಳಿಯಂದ್ರ, ಈ ಸಗಣಿ ವಾಸನಿ ಎಲ್ಲಿಂದರಿ?"

ಕಬ್ಬಿನ ಬದುವಿನ ಮೇಲೆ ನಡೆದು ಮನೆಗೆ ಬಂದೆವು. ಅತ್ತೆ ಹೊಸ್ತಿಲ ಹೊರಗೇ ನಿಂತು, ಮಗಳ ಹಣೆಗೆ ಕುಂಕುಮ ಹಚ್ಚಿ, ಉಡಿಗೆ ಉಂಡಿ ಹಾಕಿ, "ಪಂಚಮಿಗೆ ಬಾ ಮಗಳ," ಎಂದಳು. ಟ್ಯೂಬು ಇನ್ನೂ ಅವಳ ನಡುವಿನಲ್ಲೇ ಇತ್ತು. ಹೆಂಡತಿ ಅದರ ಸಮೇತ ತಾಯಿಯನ್ನು ತಬ್ಬಿಕೊಂಡು ಅತ್ತಳು, ನಕ್ಕಳು, ಮತ್ತೆ ಅತ್ತಳು.

ಮೋಟಾರು ಹಾಳಾಗಿದೆ, ಈ ಹಬ್ಬಕ್ಕೆ ದಾಟುವುದಾಗದು ಎಂದು ನಾನು ತಲೆ ತಗ್ಗಿಸಿ ಹೇಳಿದೆ. ಅವಳು ಕಣ್ಣು ಒರೆಸಿಕೊಂಡು, ಕಟ್ಟೆಯ ಮೇಲಿನ ಚೀಲವನ್ನು ಒಳಗೆ ಒಯ್ದಳು.

"ಕರದ್ಲಲ್ರಿ. ಇನ್ನ ನಾ ಎಲ್ಲಿದ್ರೇನು?"

ಮರುದಿನ ಬೇವಿನ ಟೊಂಗೆ ಖಾಲಿಯಿತ್ತು. ಮೋಟಾರು ಕಟ್ಟಿದ್ದ ಹಗ್ಗದಿಂದಲೇ ಜೋಕಾಲಿ ಕಟ್ಟಿದೆ. ತಾಯಿ ಮಗಳು ಒಟ್ಟಿಗೆ ಹಲಗೆಯ ಮೇಲೆ ಕೂತರು, ಅಪ್ಪ ಹಗ್ಗದ ಗಂಟು ಪರೀಕ್ಷಿಸಿದ. ಅಷ್ಟರಲ್ಲಿ ಫೋನ್ ಬಂತು, ಹೆಂಡತಿಯ ತಮ್ಮನದು. ಮನೆಯಲ್ಲಿ ಅವನೊಬ್ಬನೇ ಇದ್ದ. ಅವ್ವ ಇಲ್ಲದ ಹಬ್ಬ ಸಪ್ಪಗೆ ಎಂದು ಅವನು ಅಳುಬುರುಕನಂತೆ ಹೇಳುತ್ತಿದ್ದುದು ನನಗೂ ಕೇಳಿಸಿತು.

"ಏನ್ ಮಾಡೂದು ತಮ್ಮಾ, ಹೊಳಿ ಬಂದೈತಿ," ಎಂದಳು ಅವಳು. "ನಿನ್ನೂ ಹಬ್ಬಕ್ಕ ಕರದೀನಿ ನೋಡ. ಫೋನಿನ್ಯಾಗ."

ಫೋನನ್ನು ನನ್ನ ಕೈಗೆ ಕೊಟ್ಟು ಹಗ್ಗ ಹಿಡಿದುಕೊಂಡಳು. "ಹೂಂ, ನೂಕ್ರಿ ಮಾಸ್ತರ್ರ. ನಿಮ್ಮ ಮೋಟರ್‌ಕಿಂತ ಜೋರ್ ಹೋಗ್ಬೇಕ."