ಫೋಟೊ ಅಕ್ಕ ಆರಿಸಿದ ಸವೆದ ಕ್ಯಾಮೆರಾ

ಬೆಳಗಿನ ಐದೂ ಮುಕ್ಕಾಲು. ಸುಟ್ಟಗಾಯದ ವಾರ್ಡಿನ ಡ್ರೆಸಿಂಗ್ ಕೋಣೆಯಲ್ಲಿ ಒಬ್ಬ ವೆಲ್ಡರ್ ಎತ್ತರದ ಮಂಚದ ಮೇಲೆ ಬಲಗಾಲು ಚಾಚಿ ಕೂತಿದ್ದಾನೆ. ನರ್ಸ್ ಬ್ಯಾಂಡೇಜಿನ ಕೊನೆಯ ಸುತ್ತನ್ನು ಉಪ್ಪುನೀರಿನಲ್ಲಿ ನೆನೆಸಿ ನಿಧಾನವಾಗಿ ಬಿಡಿಸುತ್ತಿದ್ದಾರೆ. ಗಾಯಕ್ಕೆ ಗಾಳಿ ತಾಗಿದ್ದೇ ತಡ, ವೆಲ್ಡರ್ ಹಲ್ಲು ಕಚ್ಚುತ್ತಾನೆ. ಪಕ್ಕದಲ್ಲಿ ನಿಂತ ಗಿಡ್ಡನೆಯ ಹೆಂಗಸೊಬ್ಬರು ಮೊದಲು ತಮ್ಮದೇ ಎಡ ಮಣಿಕಟ್ಟಿನ ಫೋಟೊ ತೆಗೆಯುತ್ತಾರೆ. ಆಮೇಲೆ ಗಾಯದ ಬದಿಗೆ ಅಳತೆಯ ಪಟ್ಟಿ ಇಟ್ಟು ಕ್ಯಾಮೆರಾ ಎತ್ತುತ್ತಾರೆ.

"ಉಸಿರು ಬಿಗಿ ಹಿಡೀಬೇಡಿ ಅಣ್ಣ, ಕಾಲು ನಡುಗುತ್ತೆ. ಒಂದು ಗೇಟು ಮಾಡಿಕೊಡೋಕೆ ನಿಮಗೆ ಎಷ್ಟು ದಿನ ಬೇಕು ಹೇಳಿ."

"ಯಾವ ಥರ ಗೇಟಕ್ಕಾ? ದೊಡ್ಡದಾ, ಚಿಕ್ಕದಾ?"

"ಆನೆ ನುಗ್ಗೋವಷ್ಟು ದೊಡ್ಡದು."

ವೆಲ್ಡರ್ ನಿಜಕ್ಕೂ ಯೋಚನೆಗೆ ಬೀಳುತ್ತಾನೆ. ಎಷ್ಟು ಕಬ್ಬಿಣ, ಎಷ್ಟು ಕೂಲಿ ಎಂದು ಮನಸ್ಸಿನಲ್ಲೇ ಕೂಡಿಸುವಷ್ಟರಲ್ಲಿ ಐದು ಸಲ ಕ್ಲಿಕ್ ಆಗಿರುತ್ತದೆ. "ಆಯ್ತು ಬಿಡಿ, ಗೇಟು ಬೇಡ" ಎಂದು ಆಕೆ ಮುಂದಿನ ಮಂಚದತ್ತ ಹೊರಡುತ್ತಾರೆ. ಗಾಯ ತೆರೆದಿರುವುದು ನಾಲ್ಕೇ ನಿಮಿಷ. ಅದಕ್ಕಿಂತ ಹೆಚ್ಚು ಹೊತ್ತು ತೆರೆದಿಟ್ಟರೆ ನೋವೂ ಹೆಚ್ಚು, ಸೋಂಕಿನ ಭಯವೂ ಹೆಚ್ಚು.

ವಾರ್ಡಿನಲ್ಲಿ ಎಲ್ಲರೂ ಇವರನ್ನು ಕರೆಯುವುದು ಫೋಟೊ ಅಕ್ಕ ಎಂದು. ವಯಸ್ಸು ಐವತ್ಮೂರು. ಆಸ್ಪತ್ರೆಯ ಕಾಗದಗಳಲ್ಲಿ ಇಂದಿಗೂ ಇವರ ಹುದ್ದೆ 'ಸಹಾಯಕಿ'. ದಿನಕ್ಕೆ ಹದಿನೆಂಟು, ಕೆಲವೊಮ್ಮೆ ಇಪ್ಪತ್ತೆರಡು ಗಾಯಗಳು. ಒಂದೊಂದಕ್ಕೂ ಐದು ಫೋಟೊ. ವಾರಕ್ಕೆ ಆರು ದಿನ. ಎಂಟೂವರೆಗೆ ದೊಡ್ಡ ಡಾಕ್ಟರು ರೌಂಡ್ಸಿಗೆ ಬರುವ ಮೊದಲು ಎಲ್ಲವೂ ಕಂಪ್ಯೂಟರಿನಲ್ಲಿ ನಿನ್ನೆಯದರ ಪಕ್ಕಕ್ಕೆ ಇಂದಿನದು ಎಂಬಂತೆ ಜೋಡಿಸಿರಬೇಕು. ಯಾವ ಗಾಯ ತಾನಾಗಿ ಮಾಯುತ್ತಿದೆ, ಯಾವುದಕ್ಕೆ ಬೇರೆ ಕಡೆಯ ಚರ್ಮ ತೆಗೆದು ಕಸಿ ಮಾಡಬೇಕು ಎಂಬ ತೀರ್ಮಾನಕ್ಕೆ ಈ ಫೋಟೊಗಳೇ ಆಧಾರ.

"ವಾರ್ಡು, ಹೊರರೋಗಿಗಳು ಎಲ್ಲಾ ಸೇರಿ ನಾನು ದಿನಕ್ಕೆ ನಲವತ್ತು ಗಾಯ ನೋಡ್ತೀನಿ," ಎನ್ನುತ್ತಾರೆ ಆ ಡಾಕ್ಟರು. "ನಿನ್ನೆ ಎಷ್ಟು ಕೆಂಪಗಿತ್ತು ಅಂತ ಕೇಳಿದ್ರೆ ನನ್ನ ನೆನಪು ಸುಳ್ಳು ಹೇಳುತ್ತೆ. ಆಕೆಯ ಫೋಟೊ ಹೇಳಲ್ಲ."

ಹತ್ತೊಂಬತ್ತು ವರ್ಷಗಳ ಹಿಂದೆ ಫೋಟೊ ಅಕ್ಕ ಇದೇ ಆಸ್ಪತ್ರೆಯ ಕಾರಿಡಾರ್ ಒರೆಸುತ್ತಿದ್ದರು. ಆಗಿನ ಫೋಟೊಗ್ರಾಫರ್ ನಿವೃತ್ತಿಗೆ ಹತ್ತಿರವಾಗಿದ್ದ ಮನುಷ್ಯ. ದೀಪ ಹಿಡಿಯಲು ಯಾರಾದರೂ ಬೇಕಾದಾಗ, ಬಕೆಟ್ ಬದಿಗಿಟ್ಟು ಬರುತ್ತಿದ್ದವರು ಇವರು. ಒಂದು ದಿನ ದೀಪ ಹಿಡಿದುಕೊಂಡೇ, "ಸಾರ್, ಈ ಅಂಚು ನಿನ್ನೆ ಇಷ್ಟು ಬೆಳ್ಳಗಿರಲಿಲ್ಲ" ಅಂದರಂತೆ. ಮುದುಕ ಹಳೆಯ ಫೋಟೊ ತೆಗೆದು ನೋಡಿದರು. ಹೌದು, ಇರಲಿಲ್ಲ. ಮರುದಿನದಿಂದ ದೀಪದ ಜೊತೆ ಕ್ಯಾಮೆರಾವೂ ಇವರ ಕೈಗೆ ಬಂತು.

"ಮೊದಲನೇ ತಿಂಗಳು ಅನ್ನ ಸೇರ್ತಿರಲಿಲ್ಲ. ಬಿಟ್ಟುಬಿಡೋಣ ಅಂತ ದಿನಾ ಅಂದ್ಕೊಳ್ತಿದ್ದೆ. ಆಮೇಲೆ ಒಂದು ಗಾಯ ಮಾಯೋದನ್ನ ಮೊದಲಿಂದ ಕೊನೇವರೆಗೂ ನೋಡಿದೆ. ಅದಾದ ಮೇಲೆ ಊಟ ಸೇರಿತು," ಎನ್ನುತ್ತಾರೆ.

ಗಂಡ ದರ್ಜಿ. ಮನೆಯ ಎರಡು ಕೋಣೆಗಳಲ್ಲಿ ಒಂದು ಅವರ ಹೊಲಿಗೆ ಯಂತ್ರಕ್ಕೇ ಮೀಸಲು. "ನಾನು ಬಟ್ಟೆಗೆ ದಾರ ಹೊಂದಿಸ್ತೀನಿ, ಇವಳು ಚರ್ಮಕ್ಕೆ ಚರ್ಮ ಹೊಂದಿಸ್ತಾಳೆ. ಬಣ್ಣದ ವಿಷಯಕ್ಕೆ ನಮ್ಮನೇಲಿ ಜಗಳ ಆಗದ ದಿನವಿಲ್ಲ," ಎಂದು ನಗುತ್ತಾರೆ ಅವರು.

ಕಳೆದ ವರ್ಷ ಒಂದು ಗುರುವಾರ, ಇಸ್ತ್ರಿ ಕೆಲಸದ ಹೆಂಗಸೊಬ್ಬರು ಮಂಚದ ಮೇಲಿದ್ದರು. ಲಾಂಡ್ರಿಯ ದೊಡ್ಡ ಇಸ್ತ್ರಿ ಯಂತ್ರದ ಹಬೆ ಕೊಳವೆ ಒಡೆದು ಅವರ ಬಲಗೈ ಬೆರಳಿನಿಂದ ಮೊಣಕೈವರೆಗೆ ಸುಟ್ಟಿತ್ತು. ಅಂದಿಗೆ ಒಂಬತ್ತನೇ ದಿನ. ಗಾಯ ಆ ಕಡೆಯೂ ಇಲ್ಲ, ಈ ಕಡೆಯೂ ಇಲ್ಲ ಎಂಬ ಸ್ಥಿತಿಯಲ್ಲಿತ್ತು. ಇನ್ನು ನಾಲ್ಕೈದು ದಿನದಲ್ಲಿ ಅದರ ಅಡಿಯಿಂದ ಹೊಸ ಚರ್ಮ ಕಾಣಿಸಿದರೆ ಸರಿ. ಇಲ್ಲದಿದ್ದರೆ ತೊಡೆಯ ಚರ್ಮ ತೆಗೆದು ಕೈಗೆ ಕಸಿ ಮಾಡಬೇಕು. ಕಸಿ ಮಾಡಿದ ಬೆರಳು ಮೊದಲಿನಷ್ಟು ಮಡಚುತ್ತದೆಂದು ಯಾರೂ ಖಾತ್ರಿ ಕೊಡಲಾರರು.

ಮೂರನೆಯ ಫೋಟೊಗೆ ಕ್ಯಾಮೆರಾದೊಳಗೆ ಏನೋ ಮುರಿದ ಸದ್ದಾಯಿತು. ನಾಲ್ಕನೆಯದು ಪೂರ್ತಿ ಕಪ್ಪು. ಐದನೆಯದೂ ಕಪ್ಪು. ಒಂಬತ್ತು ವರ್ಷದಲ್ಲಿ ಎರಡು ಲಕ್ಷ ನಲವತ್ತಾರು ಸಾವಿರ ಸಲ ತೆರೆದು ಮುಚ್ಚಿದ್ದ ಶಟರ್ ಅಂದು ಹರಿದುಹೋಗಿತ್ತು. ಅದರ ಬಿಡಿಭಾಗ ಎಲ್ಲೂ ಸಿಗಲಿಲ್ಲ, ಆ ಮಾದರಿಯ ತಯಾರಿಕೆ ನಿಂತೇ ಕೆಲವು ವರ್ಷಗಳಾಗಿವೆ.

ಶುಕ್ರವಾರ ನರ್ಸ್ ತಮ್ಮ ಹೊಸ ಫೋನು ಕೊಟ್ಟರು. ಅದರಲ್ಲಿ ತೆಗೆದ ಗಾಯ ಹೂವಿನ ಹಾಗೆ ಗುಲಾಬಿಯಾಗಿ ಬಂತು. "ಫೋನು ತನ್ನ ಬುದ್ಧಿ ತೋರಿಸುತ್ತೆ. ಮುಖ ಚೆಂದ ಮಾಡಿ ಮಾಡಿ ಅಭ್ಯಾಸ ಅದಕ್ಕೆ. ಗಾಯಕ್ಕೂ ಮೇಕಪ್ ಹಾಕಿಬಿಡ್ತು," ಎನ್ನುತ್ತಾರೆ ಫೋಟೊ ಅಕ್ಕ. ಡಾಕ್ಟರಿಗೆ ಆ ಫೋಟೊಗಳನ್ನು ಅವರು ತೋರಿಸಲೇ ಇಲ್ಲ.

ಹೊಸ ಕ್ಯಾಮೆರಾಕ್ಕೆ ಕಾಗದ ಓಡಾಡಲು ಮೂರು ತಿಂಗಳು ಎಂದಿತು ಕಚೇರಿ. ಹೊಸದು ಬಂದರೂ ಇನ್ನೊಂದು ತೊಡಕಿತ್ತು. ಬೇರೆ ಮಾದರಿಯ ಕ್ಯಾಮೆರಾ ಕೆಂಪನ್ನು ಬೇರೆ ಥರ ಹಿಡಿಯುತ್ತದೆ. ಹಾಗಾದರೆ ಒಂಬತ್ತು ದಿನದ ಫೋಟೊಗಳ ಪಕ್ಕಕ್ಕೆ ಹತ್ತನೆಯದನ್ನು ಇಟ್ಟು ಹೋಲಿಸುವುದು ಹೇಗೆ? ಹಾಗಾಗಿ ಅದೇ ಮಾದರಿಯ ಹಳೆಯದೊಂದನ್ನು ತರಲು ಅನುಮತಿ ಕೊಡಿ ಎಂದು ಫೋಟೊ ಅಕ್ಕ ಪಟ್ಟು ಹಿಡಿದರು. ಆಸ್ಪತ್ರೆಯ ಅಧೀಕ್ಷಕರು ಹೂಂ ಅಂದರು. ಆರಿಸುವ ಜವಾಬ್ದಾರಿ ಮಾತ್ರ ನಿಮ್ಮದೇ ಎಂದೂ ಅಂದರು.

ಶನಿವಾರ ಮಧ್ಯಾಹ್ನ ಅವರು ಹೋದದ್ದು ಮಾರ್ಕೆಟ್ಟಿನ ಹಿಂದಿನ ಓಣಿಗೆ, ಮೆಟ್ಟಿಲಿನ ಕೆಳಗೆ ಕೂತಂತಿರುವ ಹಳೇ ಕ್ಯಾಮೆರಾಗಳ ಅಂಗಡಿಗೆ. ಬೇಕಾದ ಮಾದರಿ ಅಲ್ಲಿ ಒಂದಲ್ಲ, ಎರಡಿದ್ದವು. ಎರಡರ ಬೆಲೆಯಲ್ಲೂ ಅಂಥ ವ್ಯತ್ಯಾಸವಿಲ್ಲ.

ಒಂದು ಹವ್ಯಾಸಕ್ಕೆಂದು ಕೊಂಡವರದು. ಹೊಳಪು ಮಾಸಿಲ್ಲ, ಪೆಟ್ಟಿಗೆಯಿದೆ, ಕೊರಳಪಟ್ಟಿಯ ಪ್ಲಾಸ್ಟಿಕ್ ಹೊದಿಕೆ ಕೂಡ ಬಿಚ್ಚಿಲ್ಲ. ಅದು ಕ್ಲಿಕ್ ಆಗಿದ್ದುದು ಹನ್ನೊಂದು ಸಾವಿರ ಸಲ ಮಾತ್ರ. ಇನ್ನೊಂದು ಆಟದ ಮೈದಾನಗಳಲ್ಲಿ ದುಡಿದ ಪತ್ರಿಕಾ ಫೋಟೊಗ್ರಾಫರದು. ಮೂಲೆಗಳಲ್ಲಿ ಕಪ್ಪು ಬಣ್ಣ ಹೋಗಿ ಲೋಹ ಕಾಣುತ್ತಿತ್ತು. ಹಿಡಿಕೆಯ ರಬ್ಬರನ್ನು ಎರಡು ಸಲ ಅಂಟಿಸಲಾಗಿತ್ತು. ಒಂದು ಲಕ್ಷ ತೊಂಬತ್ತು ಸಾವಿರ ಕ್ಲಿಕ್.

"ಯೋಚನೆ ಯಾಕಮ್ಮ ಮಾಡ್ತೀರಾ? ಇದನ್ನ ನೋಡಿ, ಮದುಮಗಳ ಥರ ಇಟ್ಟಿದ್ದಾರೆ," ಎಂದು ಅಂಗಡಿಯಾತ ಹೊಳೆಯುವುದನ್ನು ಮುಂದಕ್ಕೆ ಸರಿಸಿದರು. "ಅದು ಬಿಡಿ, ಊರೆಲ್ಲ ಸುತ್ತಿ ಬಂದದ್ದು."

ಫೋಟೊ ಅಕ್ಕನಿಗೂ ಹಾಗೇ ಅನ್ನಿಸಿತ್ತು. ತಮ್ಮ ಕ್ಯಾಮೆರಾ ಎರಡೂವರೆ ಲಕ್ಷ ಮುಟ್ಟುವ ಮೊದಲೇ ಸತ್ತಿತ್ತು. ಆ ಲೆಕ್ಕಕ್ಕೆ ಸವೆದದ್ದಕ್ಕೆ ಉಳಿದ ಆಯಸ್ಸು ಎರಡು ವರ್ಷ. ಹೊಳೆಯುವುದಕ್ಕೆ ಎಂಟು ವರ್ಷವಾದರೂ ಇದೆ. ತಮ್ಮ ನಿವೃತ್ತಿಯ ತನಕ ಚಿಂತೆಯಿಲ್ಲ. ಆದರೂ ಚೀಲದಿಂದ ತಮ್ಮ ಲೆನ್ಸ್, ಫ್ಲ್ಯಾಶ್, ಬೆಳಕು ಸರಿಯಿದೆಯೇ ಎಂದು ಅಳೆಯುವ ಬೂದು ಬಣ್ಣದ ರಟ್ಟು ತೆಗೆದು ಗಾಜಿನ ಮೇಜಿನ ಮೇಲಿಟ್ಟರು. "ಒಂದು ಸ್ಟೂಲ್ ಇದ್ರೆ ಕೊಡಿ. ಹೊತ್ತು ಹಿಡಿಯುತ್ತೆ," ಅಂದರು.

ಹಿಡಿದದ್ದು ಎರಡೂ ಮುಕ್ಕಾಲು ಗಂಟೆ. ಲೆನ್ಸ್ ಕೂರುವ ಬಾಯಿ ಅಲ್ಲಾಡುತ್ತದೆಯೇ ಎಂದು ನೋಡಿದರು. ಕಾರ್ಡ್ ತೂರಿಸುವ ಜಾಗದ ಸೂಜಿಗಳು ಬಾಗಿವೆಯೇ ಎಂದು ಟಾರ್ಚ್ ಹಾಕಿ ನೋಡಿದರು. ಮುಚ್ಚಳ ಹಾಕಿದ ಲೆನ್ಸಿನಿಂದ ಅರ್ಧ ನಿಮಿಷದ ಕತ್ತಲೆಯ ಫೋಟೊ ತೆಗೆದರು. ಸವೆದದ್ದರಲ್ಲಿ ಎರಡು ಕೆಂಪು ಚುಕ್ಕೆ ಬಂದವು, ಹೊಳೆಯುವುದರಲ್ಲಿ ಒಂದೂ ಇಲ್ಲ. ಅಂಗಡಿಯಾತ ಹುಬ್ಬು ಹಾರಿಸಿದರು. "ಕಣ್ಣು ಮಿಟುಕಿಸೋದ್ರಲ್ಲಿ ತೆಗೆಯೋ ಫೋಟೊದಲ್ಲಿ ಆ ಚುಕ್ಕೆ ಬರಲ್ಲ ಬಿಡಿ," ಎಂದು ಇವರು ಮುಂದಿನ ಪರೀಕ್ಷೆಗೆ ಹೋದರು.

ಮುಂದಿನದು ಬೂದು ರಟ್ಟು. ಅದೇ ಲೆನ್ಸ್, ಅದೇ ಫ್ಲ್ಯಾಶ್, ಅದೇ ದೂರ. ಒಂದೊಂದರಲ್ಲೂ ನಲವತ್ತು ಫೋಟೊ. ಸವೆದ ಕ್ಯಾಮೆರಾದ ನಲವತ್ತೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿದ್ದವು. ಹೊಳೆಯುವುದರಲ್ಲಿ ಮೂವತ್ತನಾಲ್ಕು ಸರಿಯಾಗಿದ್ದು, ಆರು ತುಸು ಕಪ್ಪಾಗಿದ್ದವು. ಇನ್ನೊಮ್ಮೆ ನಲವತ್ತು ತೆಗೆದರು. ಈ ಸಲ ಐದು ಕಪ್ಪಾದವು. ಆರೇಳು ವರ್ಷ ಬೀರುವಿನಲ್ಲಿ ಮಲಗಿ ಅದರ ಒಳಗಿನ ಯಾವುದೋ ಕೀಲು ಜಡ್ಡುಗಟ್ಟಿತ್ತು.

"ಇಷ್ಟೇನಾ? ಕಂಪ್ಯೂಟರಲ್ಲಿ ಒಂಚೂರು ಬೆಳಕು ಜಾಸ್ತಿ ಮಾಡ್ಕೊಳ್ಳಿ. ಮದುವೆ ಫೋಟೊದವರು ಎಲ್ಲಾ ಹಾಗೇ ಮಾಡೋದು," ಎಂದರು ಅಂಗಡಿಯಾತ.

"ಮದುವೇಲಿ ಕಪ್ಪಾದ್ರೆ ಮದುಮಗಳು ಬೈತಾಳೆ, ಅಷ್ಟೇ. ನಮ್ಮಲ್ಲಿ ಕಪ್ಪಾದ್ರೆ ಚರ್ಮ ಸತ್ತಿದೆ ಅಂತ ಡಾಕ್ಟ್ರು ಓದ್ತಾರೆ. ಯಾವುದು ಕ್ಯಾಮೆರಾದ ಕಪ್ಪು, ಯಾವುದು ಗಾಯದ ಕಪ್ಪು ಅಂತ ನಾನು ಹೇಗೆ ಹೇಳಲಿ?"

ಅಂಗಡಿಯಾತ ತಲೆ ಕೆರೆದುಕೊಂಡರು. ರಿಪೇರಿಗೆ ಕೊಟ್ಟರೆ ಸರಿಹೋಗಬಹುದು, ಆದರೆ ಒಂದು ತಿಂಗಳು ಬೇಕು ಎಂದು ಒಪ್ಪಿಕೊಂಡರು. ಒಂದು ತಿಂಗಳು ಕಾಯಲು ಆ ಇಸ್ತ್ರಿಯಾಕೆಯ ಕೈಗೆ ಪುರುಸೊತ್ತಿರಲಿಲ್ಲ. ಕೊನೆಗೆ ಫೋಟೊ ಅಕ್ಕ ಎರಡರಲ್ಲೂ ತಮ್ಮ ಮಣಿಕಟ್ಟಿನ ಫೋಟೊ ತೆಗೆದು, ಬುಧವಾರ ಹಳೆಯ ಕ್ಯಾಮೆರಾ ತೆಗೆದಿದ್ದ ಮಣಿಕಟ್ಟಿನ ಪಕ್ಕಕ್ಕಿಟ್ಟು ನೋಡಿದರು. ದಿನವೂ ಕೆಲಸ ಶುರುಮಾಡುವ ಮೊದಲು ಅವರು ಇದನ್ನು ತೆಗೆಯುವುದು ಇದಕ್ಕೇ: ಗಾಯ ದಿನಕ್ಕೊಂದು ಬಣ್ಣ ತಾಳುತ್ತದೆ, ಮಣಿಕಟ್ಟು ಇದ್ದಂತೆಯೇ ಇರುತ್ತದೆ. ಸವೆದ ಕ್ಯಾಮೆರಾದ ಕಂದು, ಬುಧವಾರದ ಕಂದು ಎರಡೂ ಹೊಂದಿದವು.

ಅವರು ಅದನ್ನೇ ಕಟ್ಟಿಸಿಕೊಂಡರು.

"ಬಸ್ಸಲ್ಲಿ ಕೂತ ಮೇಲೆ ಭಯ ಶುರುವಾಯ್ತು," ಎನ್ನುತ್ತಾರೆ. "ನಾಳಿದ್ದೇ ಇದೂ ಕೈಕೊಟ್ರೆ? ಹೊಸದರ ಥರ ಇದ್ದದ್ದನ್ನ ಬಿಟ್ಟು ಇದನ್ನ ಯಾಕೆ ತಂದೆ ಅಂತ ಕೇಳಿದ್ರೆ ಏನು ಹೇಳೋದು? ಮನೆಗೆ ಹೋಗಿ ಇವರ ಮುಂದೆ ಇಟ್ಟೆ. ಇವರು ಮೂಲೆ ಸವರಿ ನೋಡಿ, 'ನನ್ನ ಹೊಲಿಗೆ ಮಿಷನ್ನೂ ಹೀಗೇ ಇದೆ, ನಿಲ್ಲಿಸಿದ್ರೇನೇ ಕೆಡೋದು' ಅಂದ್ರು. ಅದಕ್ಕೇ ಸಮಾಧಾನ ಆಯ್ತು ಅಂತಲ್ಲ. ನಿದ್ದೆ ಅಂತೂ ಬಂತು."

ಕಚೇರಿಯ ಗುಮಾಸ್ತರು ನಿರೀಕ್ಷೆಯಂತೆ ಮೂಗು ಮುರಿದರು. "ಏನ್ರೀ ಇದು, ರಸ್ತೇಲಿ ಬಿದ್ದಿತ್ತಾ?" ಎಂದರು. ಫೋಟೊ ಅಕ್ಕ ಒಂದೊಂದು ಕ್ಯಾಮೆರಾದ ನಲವತ್ತರಂತೆ ಎಂಬತ್ತು ಬೂದು ಚೌಕಗಳ ಹಾಳೆಯೊಂದನ್ನು ಅವರ ಮುಂದೆ ಹಿಡಿದರು. ಗುಮಾಸ್ತರಿಗೆ ಎಷ್ಟು ಅರ್ಥವಾಯಿತೋ ತಿಳಿಯದು. ಆರಿಸಿದವರ ಜವಾಬ್ದಾರಿ ಎಂದು ಬರೆಸಿ ಸಹಿ ಹಾಕಿಸಿಕೊಂಡರು.

ಸೋಮವಾರ, ಹದಿಮೂರನೇ ದಿನ, ಇಸ್ತ್ರಿಯಾಕೆಯ ಕೈಯ ಬ್ಯಾಂಡೇಜು ಮತ್ತೆ ಬಿಚ್ಚಿದರು. ಡಾಕ್ಟರು ಎಂಟನೇ ದಿನದ ಫೋಟೊ ಮತ್ತು ಅಂದಿನದನ್ನು ಅಕ್ಕಪಕ್ಕ ಇಟ್ಟು ದೊಡ್ಡದು ಮಾಡುತ್ತಾ ಹೋದರು. ಕೈಯ ಹಿಂಬದಿಯಲ್ಲಿ, ರೋಮದ ಬುಡಗಳ ಸುತ್ತ, ಸಾಸಿವೆಗಿಂತ ಸಣ್ಣ ಗುಲಾಬಿ ಚುಕ್ಕೆಗಳಿದ್ದವು. ಎಂಟನೇ ದಿನ ಅವು ಇರಲಿಲ್ಲ. ಅಡಿಯಿಂದ ಹೊಸ ಚರ್ಮ ಏಳುತ್ತಿತ್ತು. ಬುಧವಾರಕ್ಕೆ ಗೊತ್ತುಮಾಡಿದ್ದ ಕಸಿಯ ಆಪರೇಷನ್ ಮುಂದಕ್ಕೆ ಹೋಯಿತು, ಆಮೇಲೆ ರದ್ದಾಯಿತು. ಇಪ್ಪತ್ತೆರಡನೇ ದಿನಕ್ಕೆ ಗಾಯ ಮುಚ್ಚಿತು.

ಇದನ್ನು ಪವಾಡವೆಂದು ಬರೆಯಬೇಡಿ ಎನ್ನುತ್ತಾರೆ ಡಾಕ್ಟರು. "ಫೋಟೊ ಇರದಿದ್ರೆ ಅಥವಾ ಕಪ್ಪಾಗಿ ಬಂದಿದ್ರೆ ನಾನು ಕಸಿ ಮಾಡಿಬಿಡ್ತಿದ್ದೆ. ಅದು ತಪ್ಪೂ ಆಗ್ತಿರಲಿಲ್ಲ. ಆದ್ರೆ ಬೇಕಾಗಿರಲಿಲ್ಲ, ಅಷ್ಟೆ."

ಇಸ್ತ್ರಿಯಾಕೆ ಈಗ ಮತ್ತೆ ಲಾಂಡ್ರಿಯಲ್ಲಿದ್ದಾರೆ, ಹಬೆಯಿಂದ ದೂರ, ಬಟ್ಟೆ ಮಡಚುವ ಮೇಜಿನಲ್ಲಿ. ನನ್ನೆದುರು ಮುಷ್ಟಿ ಬಿಗಿದು, ಬಿಚ್ಚಿ ತೋರಿಸುತ್ತಾರೆ. "ಫೋಟೊ ಅಕ್ಕ ಏನೋ ಮಾಡಿದ್ರಂತೆ. ನನಗೆ ಗೊತ್ತಿದ್ದದ್ದು ಇಷ್ಟೇ, ನೋವಾದಾಗ ಅವರು ನನ್ನ ಹತ್ರ ಸೀರೆ ಮಡಚೋದು ಹೇಗೆ ಅಂತ ಕೇಳ್ತಿದ್ರು. ದಿನಾ ಅದನ್ನೇ ಕೇಳೋರು. ಇಷ್ಟು ದಡ್ಡಿ ಯಾಕೆ ಇವರು ಅಂದ್ಕೊಂಡಿದ್ದೆ."

ಸವೆದ ಕ್ಯಾಮೆರಾ ಇಂದಿಗೆ ಎರಡು ಲಕ್ಷ ಹದಿನಾರು ಸಾವಿರ ದಾಟಿದೆ. ಮುಂದೊಂದು ದಿನ ಅದೂ ನಿಲ್ಲುತ್ತದೆ. ಅಷ್ಟರೊಳಗೆ ಹೊಸದು ಬಂದರೆ ಎರಡನ್ನೂ ಆರು ತಿಂಗಳು ಜೊತೆಯಲ್ಲಿ ಓಡಿಸಿ ಬಣ್ಣ ಹೊಂದಿಸಬೇಕೆಂದು ಫೋಟೊ ಅಕ್ಕ ಎರಡು ಪುಟ ಬರೆದು ಕಚೇರಿಗೆ ಕೊಟ್ಟಿದ್ದಾರೆ. ಉತ್ತರ ಬಂದಿಲ್ಲ. ಹುದ್ದೆಯ ಹೆಸರು ಬದಲಿಸಲು ಕೇಳಿದ್ದೀರಾ ಎಂದರೆ ಕೈ ಆಡಿಸುತ್ತಾರೆ. "ಹೆಸರಿಂದ ಫೋಟೊ ಚೆನ್ನಾಗಿ ಬರುತ್ತಾ?"

ಹಾಗಾದರೆ ಬೇಕಾದ್ದು ಏನೂ ಇಲ್ಲವೇ? ಇದಕ್ಕೆ ಅವರು ತಡ ಮಾಡದೆ ಉತ್ತರಿಸುತ್ತಾರೆ. ಡ್ರೆಸಿಂಗ್ ಕೋಣೆಯ ಗೋಡೆ ಹಸಿರು. ಫ್ಲ್ಯಾಶಿನ ಬೆಳಕು ಅದಕ್ಕೆ ತಾಗಿ ರೋಗಿಯ ಚರ್ಮದ ಮೇಲೂ ಒಂದಿಷ್ಟು ಹಸಿರು ಚೆಲ್ಲುತ್ತದೆ. ಬಿಳಿ ಬಳಿಸಿ ಎಂದು ಏಳು ವರ್ಷದಿಂದ ಕೇಳುತ್ತಿದ್ದಾರೆ. ಎರಡು ವರ್ಷದ ಹಿಂದೆ ಕೊನೆಗೂ ಪೇಂಟರುಗಳು ಬಂದು, ಮೊದಲಿಗಿಂತ ಗಾಢ ಹಸಿರು ಬಳಿದು ಹೋದರು.

"ಬರೀ ಬಿಳಿ ಸಾಕು. ಹೊಳಪಿಲ್ಲದ್ದು," ಎನ್ನುತ್ತಾರೆ ಫೋಟೊ ಅಕ್ಕ. "ಎರಡು ಡಬ್ಬಿ ಕೊಡಿಸಲಿ. ಬಳಿಯೋಕೆ ನಾನೇ ಬರ್ತೀನಿ, ಭಾನುವಾರ ಹೇಗೂ ರಜಾ."